ಬೂದಿ ಕಳೆದು

ನಲೈಖ್‌ನ ಗುಂಡಿಯಿಂದ ನಮ್ಮ ಮಾವ ಗೊಂಬೊದೋರ್ಜ್
ಒಂದು ಹೆಂಟೆ ತಂದ, ನರಿಚರ್ಮದ ಟೊಪ್ಪಿಯಲ್ಲಿಟ್ಟು,
ಮೊಟ್ಟೆ ತಂದ ಹಾಗೆ.
"ನಿನ್ನ ಯಂತ್ರವನ್ನು ಕೇಳು, ಸೊಲೊಂಗೊ, ಇದು ಯಾವ ದರ್ಜೆ?
ಒಳ್ಳೆ ಹೆಸರು ಬರೆದುಕೊಡು,
ಚೀಲಕ್ಕೆ ನಾಲ್ಕು ಕಾಸು ಹೆಚ್ಚು ಹುಟ್ಟೀತು."

ಹೊರಗೆ ಮೈನಸ್ ಮೂವತ್ತೊಂದು.
ಕುಟ್ಟಿದೆ. ಜರಡಿ ಹಿಡಿದೆ. ಗ್ರಾಮು ಗ್ರಾಮಾಗಿ ತೂಗಿದೆ.
ನೂರೈದು ಡಿಗ್ರಿಯಲ್ಲಿ ಒಂದು ಗಂಟೆ ಕೂರಿಸಿದರೆ
ಕಾಲುಭಾಗ ತೂಕ ನೀರಾಗಿ ಎದ್ದುಹೋಯಿತು.
ಯಾವ ಕಾಲದ ಜೌಗೋ, ಇನ್ನೂ ಆರಿಲ್ಲ.
ಮುಚ್ಚಿದ ಮೂಸೆಯಲ್ಲಿ ಏಳು ನಿಮಿಷ, ಕೆಂಪು ಕುಲುಮೆ:
ಹಾರುವಂಥದ್ದೆಲ್ಲ ಹಳದಿ ನಾಲಗೆ ಚಾಚಿ ಹಾರಿತು.
ಉಳಿದದ್ದು ಇಂಗಾಲ, ಮತ್ತೆ ಬೂದಿ.

ಕೊನೆಗೆ ಉಕ್ಕಿನ ಬಾಂಬು.
ಒಳಗೆ ಒತ್ತಿ ತುಂಬಿದ ಆಮ್ಲಜನಕ, ಕೂದಲೆಳೆಯ ತಂತಿ,
ಸುತ್ತ ಎರಡು ಲೀಟರ್ ನೀರು.
ಗುಂಡಿ ಒತ್ತಿದೆ. ಸದ್ದಿಲ್ಲ.
ನೀರು ಮಾತ್ರ ಒಂದೂಮುಕ್ಕಾಲು ಡಿಗ್ರಿ ಬೆಚ್ಚಗಾಯಿತು,
ಯಾರೋ ಬಂದು ಪಕ್ಕದಲ್ಲಿ ಕೂತ ಹಾಗೆ.

ದಿನವೂ ನನ್ನ ಮೇಜಿಗೆ ಗೋಬಿಯ ಕಲ್ಲಿದ್ದಲು ಬರುತ್ತದೆ,
ಗಡಿ ದಾಟಲು ನಿಂತ ಲಾರಿಗಳದ್ದು, ಹೊಳೆಯುವ ಮುಖದ್ದು.
ಬಲಿತದ್ದನ್ನು ನಾವು ಶಾಖ ಕೇಳುವುದಿಲ್ಲ,
ನಿನ್ನೊಳಗೆ ಇಂಗಾಲ ಎಷ್ಟು ಉಳಿದಿದೆ, ಅಷ್ಟೇ.
ಎಳೆಯದಕ್ಕೆ ಬೇರೆ ಪ್ರಶ್ನೆ:
ಎಷ್ಟು ಬಿಸಿ ಕೊಡಬಲ್ಲೆ?
ಆ ಲೆಕ್ಕದಲ್ಲಿ ನೀರನ್ನು ಕಳೆಯುವಂತಿಲ್ಲ, ಅದು ಹುಟ್ಟಿನದು.
ಬೂದಿಯನ್ನು ಕಳೆಯಬೇಕು,
ಅದು ನೆರೆಯ ಮಣ್ಣಿನದು, ಕಲ್ಲಿದ್ದಲಿನ ತಪ್ಪಲ್ಲ.

ಬೂದಿ ಸೇರಿಸಿದರೆ ಮಾವನ ಹೆಂಟೆ ಬರೀ ಲಿಗ್ನೈಟ್.
ಕಳೆದರೆ, ಕೂದಲೆಳೆಯಷ್ಟರಲ್ಲಿ,
ಸಬ್‌ಬಿಟುಮಿನಸ್‌ನ ಹೊಸಿಲೊಳಗೆ ಒಂದು ಕಾಲು.
ಸುಳ್ಳು ಬರೆಯಬೇಕಾಗಲಿಲ್ಲ. ಬರೆದುಕೊಟ್ಟೆ.

ರಾತ್ರಿ ಅವರ ಗೆರ್‌ನಲ್ಲಿ ಉಪ್ಪಿನ ಚಹಾ.
ಮಾವ ಕಾಗದವನ್ನು ದೀಪಕ್ಕೆ ಹಿಡಿದು
ಆ ಉದ್ದದ ಹೆಸರನ್ನು ಮೂರು ಸಲ ತಪ್ಪಾಗಿ ಓದಿದ,
ಮೂರು ಸಲವೂ ಖುಷಿಯಿಂದ.
ಅತ್ತೆ ಇಚಿನ್‌ಖೊರ್ಲೋ ಒಲೆಯ ಮುಂದೆ ಕುಕ್ಕರಗಾಲಲ್ಲಿ.
"ಕಳೆದೆ ಅಂದೆಯಲ್ಲ, ಆ ಬೂದಿ,
ಅದನ್ನು ಎಲ್ಲಿಗೆ ಹಾಕಿದೆ?"

ನಾನು ನಕ್ಕೆ. ಅವಳು ನಗಲಿಲ್ಲ.
ತಗಡಿನ ಬಕೆಟ್ಟು ತುಂಬಿತ್ತು.
ನೂರಕ್ಕೆ ಹದಿಮೂರು ಎಂದು ನಾನೇ ಅಳೆದದ್ದು;
ಚೀಲಕ್ಕೆ ಮೂರು ಕಿಲೋ ಮೇಲೆ, ವಾರಕ್ಕೆ ನಾಲ್ಕು ಚೀಲ,
ಇಪ್ಪತ್ತೆರಡು ಚಳಿಗಾಲ.
ಅವಳು ಎದ್ದಳು, ಒಂದು ಕೈ ಸೊಂಟಕ್ಕೆ.
ಬಾಗಿಲು ತೆರೆದಷ್ಟು ಹೊತ್ತು
ಇಡೀ ಬೆಟ್ಟದ ಹೊಗೆ ಒಳಗೆ ಇಣುಕಿತು.

ಬಕೆಟ್ಟಿನ ಇನ್ನೊಂದು ಬದಿ ಹಿಡಿಯಲು ಹೋದೆ.
ಹಿಡಿಕೆ ಇನ್ನೂ ಬಿಸಿಯಿತ್ತು.