ಏರಿಗೆ ಕಿವಿ

ಆ ಕತ್ತಿ ಕಡೆ ನೋಡಬ್ಯಾಡ ಕಣ್ಲಾ, ಅದಕ್ಕಿನ್ನೂ ಆರು ವರ್ಸ ಐತೆ.
ಮೊದ್ಲು ಕೈಲಿರೋ ಪೊರಕೆ ನೋಡು.
ಕಗ್ಗಲಿಕೆರೆ ಏರಿ ಸಾವಿರದಿನ್ನೂರು ಮಾರು;
ದಿನಾ ಅಷ್ಟುದ್ದ ಬಾಗಿ ಗುಡಿಸಿದ್ರೆ
ಯಾವ ಕಲ್ಲು ಎಲ್ಲಿ ಅಲ್ಲಾಡ್ತದೆ ಅಂತ ಅಂಗಾಲೇ ಹೇಳ್ತದೆ.
ಈ ಮೆಟ್ಲ ಹೆಸ್ರು ಬೆನ್ನು.
ನಾನೂ ಅತ್ತಿದ್ದೆ, ಹತ್ತು ವರ್ಸದೋಳು.
ಪಾಂಡವಪುರದ ಟೇಸನ್ ತಂಕ ಓಡೋಗಿ
ಟಿಕೀಟಿಗೆ ಕಾಸಿಲ್ದೆ ವಾಪಸ್ ಬಂದಿದ್ದೆ.
ಉಸ್ತಾದ್ ಮೊಗಣ್ಣ ಕೇಳಿದ್ದು ಒಂದೇ ಮಾತು:
ಉಂಡ್ಯಾ?

ಆಮೇಲೆ ಮಟ್ಟಿ.
ಕೆಮ್ಮಣ್ಣು, ಎಳ್ಳೆಣ್ಣೆ, ಅರಿಶಿನ, ಹುಳಿಮಜ್ಜಿಗೆ,
ಮೊಣಕಾಲು ಮುಳುಗೋ ಹಂಗೆ ತುಳಿಬೇಕು.
ಬಿದ್ದೋನು ಏಳೋ ಮುಂಚೆ ಬೀಳಿಸಿದೋನು ಕೈ ಕೊಡಬೇಕು,
ಕೊಡದಿದ್ರೆ ಇಬ್ಬರ್ಗೂ ಆವತ್ತು ಮುದ್ದೆ ಇಲ್ಲ,
ಬರೀ ಹುರುಳಿಕಟ್ಟು.
ನಿಂಗಾಜಿ ಅನ್ನೋಳು ನನ್ನ ಒಂದೇ ಮಧ್ಯಾಹ್ನ
ಹದಿನಾಲ್ಕು ಸಲ ಕೆಡವಿದ್ಲು.
ಹದಿನಾಲ್ಕು ಸಲ ಆ ಕೈ ಹಿಡಿದೆ.
ಈಗ್ಲೂ ಅದರ ಬಿಸಿ ಗೊತ್ತು.

ಕೋಲಿನ ವಿಚಾರ ನಾಳೆ. ಅದು ಬರೀ ಗೆಣ್ಣು ಒಡಕೊಳ್ಳೋ ಕೆಲಸ.

ನಾಲ್ಕನೇದು ಕೇಳು.
ಅಮಾಸೆ ರಾತ್ರಿ ಒಬ್ಬರ್ನೇ ಏರಿ ಮೇಲೆ ಬುಟ್ಟು ಹೋಯ್ತಾರೆ.
ಆಯುಧ ಇಲ್ಲ. ಮಣ್ಣಿಗೆ ಕಿವಿ ಕೊಟ್ಟು ಮಲಗಬೇಕು.
ಮುತ್ತಾತನ ಕಾಲದಿಂದ ಏರಿ ಒಡೆಯೋಕೆ
ಒಬ್ಬ ಹಗೆಯೂ ಬಂದಿಲ್ಲ ಕಣಪ್ಪ,
ಏಡಿ ಮಾತ್ರ ವರ್ಸಾ ವರ್ಸಾ ಬತ್ತದೆ.
ಹೆಬ್ಬೆಟ್ಟು ಗಾತ್ರದ ಬಿಲ ಸಾಕು,
ಕೆಳಗೆ ಹನ್ನೊಂದು ಊರಿನ ಗದ್ದೆ.
ಕಪ್ಪೆ ಸದ್ದು ಬ್ಯಾರೆ, ಕಬ್ಬಿನ ಗಾಡಿ ಅಚ್ಚು ಬ್ಯಾರೆ,
ಮೈಸೂರು ರೈಲು ದೂರದಲ್ಲಿ ನೆಲ ನಡುಗಿಸೋದು ಬ್ಯಾರೆ.
ಎಲ್ಲಾನೂ ಸೋಸಿ ಎಸೆದ ಮೇಲೆ
ನೀರು ಮಣ್ಣೊಳಗೆ ದಾರಿ ಹುಡುಕೋ ಸದ್ದು ಉಳೀತದೆ,
ಎಳೇ ಕರ ಕೆಚ್ಚಲಿಗೆ ಬಾಯಿ ಹಾಕಿದಂಗೆ.

ನಂಗೆ ಕೇಳಿಸ್ತು.
ಕೊಂಬು ಊದಿದೆ. ನಲವತ್ತು ಜನ ಬಂದ್ರು,
ಸೊಂಟದಲ್ಲಿ ಕತ್ತಿ, ಕೈಯಲ್ಲಿ ಗುದ್ದಲಿ,
ಬೆಳ್ಳಿ ಮೂಡೋವರ್ಗೂ ಅಗೆದ್ರು.
ಒಣ ಮಣ್ಣು.
ಎರಡು ಮಾರು ಕೆಳಗೂ ಒಣ ಮಣ್ಣು.
ನನ್ನ ಕಿವಿಯೊಳಗೆ ಓಡೋ ರಕ್ತಾನೇ ಕೆರೆ ಅಂದ್ಕೊಂಡಿದ್ದೆ.

ಯಾರೂ ನಗಲಿಲ್ಲ. ಒಬ್ಬ ಸೀನಿದ, ಅಷ್ಟೇ.
ಗುಂಡಿ ಮುಚ್ಚಿ, ತುಳಿದು, ನಿಂಗಾಜಿ ಬಗ್ಗಿ ಕೈ ಕೊಟ್ಲು.
ಉಸ್ತಾದ್ರು ಎಣ್ಣೆ ಬಟ್ಲು ತಂದು ನನ್ನ ಮುಂದಿಟ್ರು.
ಆವತ್ತಿಂದ ಆ ಅಲಗಿಗೆಲ್ಲ ನಾನೇ ಎಣ್ಣೆ ಸವರೋಳು,
ಮೂವತ್ತೊಂದು ವರ್ಸ.
ಐದನೇ ಮೆಟ್ಲು ಏನಂತ ನನ್ನ ಕೇಳಬ್ಯಾಡ.

ಆದ್ರೆ ಒಂದ್ಮಾತು, ಯಾರ್ಗೂ ಹೇಳ್ಬ್ಯಾಡ.
ಎಲ್ಲ ಮಲಗಿದ ಮೇಲೆ ನಾನು ಅದೇ ಜಾಗಕ್ಕೆ ಹೋಯ್ತೀನಿ.
ಈಗ್ಲೂ ಕೇಳಿಸ್ತದೆ.
ಬಾ, ಪೊರಕೆ ಅಲ್ಲಿಡು.
ಇಲ್ಲಿ, ಈ ಹುಣಸೆ ಬೇರಿನ ಪಕ್ಕ.
ನಿನ್ನ ಕಿವೀಲಿ ನನ್ನ ರಕ್ತ ಓಡಕಿಲ್ಲ.
ಬಗ್ಗು.
ಉಸ್ರು ಹಿಡಕೋ.