ಇತರೆ

ಇಂಚರಾ, ಆ ಸ್ಟೂಲು ಎಳ್ಕೊಂಡು ಗಲ್ಲಾದ ಪಕ್ಕ ಕೂರು.
ಅಲ್ಲಿ ಬೇಡ ಮಾರಾಯ್ತಿ, ನೀರು ಸಿಡಿಯುತ್ತೆ,
ನಿನ್ನ ಫಾರಂ ಒದ್ದೆಯಾಗುತ್ತೆ.
ಶಿವಮೊಗ್ಗದಿಂದ ಮೊದಲನೇ ಬಸ್ಸಿಗೆ ಬಂದೆಯಂತೆ,
ರಿಪ್ಪನ್‌ಪೇಟೆಯವರು ಯಾವ ಕೋಳಿ ತಿಂತಾರೆ ಅಂತ ಕೇಳೋಕೆ.
ಕೇಳು. ಭಾನುವಾರ ನನಗೆ ಕೈ ಬಿಡುವಿಲ್ಲ,
ಬಾಯಿ ಬಿಡುವಿದೆ.

ನಾಟಿಯೋ ಫಾರಮ್ಮೋ?
ನಾಟಿ ಅಂತ ಬರ್ಕೋ. ಎಲ್ಲರೂ ಹಾಗೇ ಹೇಳ್ತಾರೆ.
ಕಟ್ಟಿಹಾಕಿದ ಹುಂಜದ ಕಾಲು ಮುಟ್ತಾರೆ,
ಜುಟ್ಟು ನೋಡ್ತಾರೆ,
"ಸಾರು ಅಂದ್ರೆ ಇದರದ್ದಪ್ಪಾ" ಅಂತಾರೆ,
ರೇಟು ಕೇಳ್ತಾರೆ,
ಆಮೇಲೆ ಫಾರಂ ಕೋಳಿ ಒಂದು ಕೇಜಿ ತೂಗಿಸ್ಕೊಂಡು ಹೋಗ್ತಾರೆ.
ಕುಕ್ಕರು ಎರಡು ಸೀಟಿಗೆ ಇಳೀಬೇಕಲ್ಲ.
ನಾಲಿಗೆ ನಾಟಿ, ಚೀಲ ಫಾರಮ್ಮು.
ನಿನ್ನ ಕಾಗದದಲ್ಲಿ ಇಬ್ಬರಿಗೂ ಸೇರಿ ಒಂದು ಚೌಕ ಇದೆಯಾ?

ತಿಪ್ಪೇಶಾ, ಅವರದ್ದು ಚರ್ಮ ತೆಗೀಬೇಡ್ವೋ,
ಅವರು ಅರಿಶಿನ ಹಚ್ಚಿ ಸುಟ್ಕೊಳ್ಳೋರು.

ಫ್ರಿಜ್ಜಿನದ್ದು ಯಾಕೆ ಕೊಳ್ಳಲ್ಲ ಅಂದ್ಯಾ?
ಕಣ್ಣೆದುರೇ ಕುಯ್ಯಬೇಕು, ಆಗಲೇ ನಂಬಿಕೆ.
ಆದರೆ ಕುಯ್ಯುವ ಹೊತ್ತಿಗೆ ಒಬ್ಬರ ಕಣ್ಣೂ ಇತ್ತ ಇರಲ್ಲ.
ಹಾಲಪ್ಪ ಮೇಷ್ಟ್ರು ಗೋಡೆಯ ಕ್ಯಾಲೆಂಡರಲ್ಲಿ
ಅಮಾವಾಸ್ಯೆ ಹುಡುಕ್ತಾರೆ.
ಹದಿನೈದು ವರ್ಷ ಆಯ್ತು,
ಪ್ರತಿ ಭಾನುವಾರವೂ ಹುಡುಕ್ತಾರೆ.

ಬೆಲೆ.
ಇಳಿದರೆ "ಏನಾದ್ರೂ ರೋಗ ಬಂದಿದೆಯಾ" ಅಂತಾರೆ,
ಏರಿದರೆ ರೋಗ ನನಗೇ ಬರಲಿ ಅಂತಾರೆ.
ಹಕ್ಕಿಜ್ವರದ ಸುದ್ದಿ ಟೀವಿಯಲ್ಲಿ ಬಂದ ವಾರ
ಕೇಜಿಗೆ ನಲವತ್ತು ಅಂತ ಹಲಗೆ ಮೇಲೆ ಸುಣ್ಣದಲ್ಲಿ ಬರೆದೆ.
ನೊಣ ಕೂಡ ಓದಲಿಲ್ಲ.
ಓದು ಬಾರದವಳು ಒಬ್ಬಳು ಬಂದಳು,
ಶುಂಠಿ ಕೀಳೋಕೆ ಹಾವೇರಿ ಕಡೆಯಿಂದ ಬಂದಿದ್ದ ಯಲ್ಲವ್ವ.
ಮೂರು ಕೇಜಿ ಸೆರಗಿನ ಮರೆಗೆ ಹಿಡ್ಕೊಂಡು ಅಂದಳು:
"ಇಂಥಾ ಜ್ವರ ವರ್ಷಕ್ಕೊಮ್ಮಿ ಬರ್ಲಿರೀ ಅಕ್ಕಾರ."

ಶ್ರಾವಣದಲ್ಲಿ ವ್ಯಾಪಾರ ಕಡಿಮೆಯೇ?
ಕಡಿಮೆ ಅಂತಲೇ ಬರಿ.
ಮುಂದಿನ ಶಟರ್ ಅರ್ಧ ಇಳಿದಿರುತ್ತೆ.
ಹಿಂದಿನ ಬಾಗಿಲಲ್ಲಿ ಕಪ್ಪು ಕವರು ಎರಡು ಸುತ್ತು,
ಮೇಲೊಂದು ಕಟ್ಟು ಕೊತ್ತಂಬರಿ, ಎದ್ದು ಕಾಣೋ ಹಾಗೆ.

ಮನೆಯಲ್ಲಿ ಎಷ್ಟು ಜನ ಅಂತ ಕೇಳ್ತೀಯ ನೀನು.
ಪೀಸು ಹೇಗಿರಲಿ ಅಂತ ಕೇಳ್ತೀನಿ ನಾನು.
ಅರ್ಧ ಕೇಜಿಗೆ "ಸಣ್ಣಕ್ಕೆ, ಇನ್ನೂ ಸಣ್ಣಕ್ಕೆ" ಅಂದರೆ
ಆ ಮನೆಯಲ್ಲಿ ಏಳು ತಟ್ಟೆ.
"ಕಾಲು ಹಾಗೇ ಇಡಿಯಾಗಿರಲಿ" ಅಂದರೆ ಅಳಿಯ ಬಂದಿದ್ದಾನೆ.
ಹೊಸಬ.
ಹಳೇ ಅಳಿಯನಿಗೆ ಸಣ್ಣ ಪೀಸೇ.

ಏನು ಕೊಳ್ಳಬೇಕು ಅಂತ ತೀರ್ಮಾನಿಸುವವರು ಯಾರು?
ಅಬ್ಬಾ, ಇದು ಕೋರ್ಟಿನ ಪ್ರಶ್ನೆ.
ಪಾಕೀಟು ತೆಗೆಯೋದು ಗಂಡ,
ಸ್ಕೂಟರಿನ ಮುಂದೆ ನಿಂತ ಮಗು "ಲೆಗ್ ಪೀಸು" ಅನ್ನುತ್ತೆ,
ಫೋನಿನಲ್ಲಿ ಅತ್ತೆ "ಲಿವರ್ ಮರೀಬೇಡ" ಅಂತಾರೆ.
ಕಡೆಗೆ, ನಾನು ಚೀಲಕ್ಕೆ ಗಂಟು ಹಾಕುವಾಗ,
ಸುಗಂಧಿ ಬಗ್ಗಿ ಮೆಲ್ಲಗೆ ಹೇಳ್ತಾಳೆ:
"ಕುತ್ತಿಗೆ ಬಿಸಾಕಬೇಡಿ ಅಕ್ಕ, ಅದೂ ಹಾಕಿ."
ಯಾರ ತಟ್ಟೆಗೆ ಅಂತ ನಾನು ಕೇಳಿಲ್ಲ.
ಗಂಟು ಬಿಚ್ಚಿ ಹಾಕ್ತೀನಿ,
ತಕ್ಕಡಿಗೆ ಇಡೋದಿಲ್ಲ.

ಏನು, ನನ್ನದೂ ಬೇಕಾ?
ವಾರಕ್ಕೆ ಎಷ್ಟು ಸಲ, ಯಾವ ಭಾಗ, ಯಾವ ಅಂಗಡಿ?
ಮಧ್ಯಾಹ್ನ ಎರಡಕ್ಕೆ ಈ ಕಟ್ಟೆ ತೊಳೆದು, ಸೋಪು ಹಚ್ಚಿ ಕೈ ತೊಳೆದು,
ಮತ್ತೊಮ್ಮೆ ತೊಳೆದು, ಮೂಸಿ ನೋಡಿ,
ಮೀನಿನ ಹಂಝನ ಹತ್ತಿರ ಅರ್ಧ ಕೇಜಿ ಬೂತಾಯಿ ಕೊಳ್ತೀನಿ.
ಅವನು ಐಸಿನ ಪೆಟ್ಟಿಗೆ ಖಾಲಿ ಮಾಡಿ
ನನ್ನಿಂದ ಒಂದು ಕೋಳಿ ಒಯ್ತಾನೆ.
ಇಬ್ಬರೂ ಚೌಕಾಸಿ ಮಾಡಲ್ಲ.
ಅವನ ಕೈ ವಾಸನೆ ಅವನಿಗೆ ಸಾಕಾಗಿರುತ್ತೆ,
ನನ್ನದು ನನಗೆ.

ಕೆಳಗೆ "ಇತರೆ" ಅಂತ ಇದೆಯಲ್ಲ, ಅಲ್ಲಿ ಬರಿ.
ಜಾಗ ಸಾಲದಿದ್ದರೆ ಹಿಂದೆ ತಿರುಗಿಸು.
ತಿಪ್ಪೇಶಾ, ಮೇಷ್ಟ್ರದ್ದು ಆಯ್ತೇನೋ?
ಕ್ಯಾಲೆಂಡರ್ ಹಾಳೆ ಹರೀತಿದ್ದಾರೆ ನೋಡು.