ಮ್ಯಾಚಿಂಗ್ ಸೆಂಟರ್

ಸಂತೇಪೇಟೆಯ ನಮ್ಮಂಗಡಿಗೆ ಹೆಂಗಸರು
ಸೀರೆ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು.
"ಇದಕ್ಕೆ ಫಾಲ್ಸು, ಲೈನಿಂಗು, ಒಂದುಂಡೆ ದಾರ."
ಏಳನೇ ಕ್ಲಾಸಿನ ನಾನು ತೆಗೆದುಕೊಟ್ಟದ್ದು
ಗಿಳಿಹಸಿರಿಗೆ ಇಟ್ಟಿಗೆಕೆಂಪು.
ಆಕೆ ನಕ್ಕಳು. ಅಪ್ಪ ನಗಲಿಲ್ಲ.

ಆ ರಾತ್ರಿ ಷಟರ್ ಅರ್ಧ ಎಳೆದು
ಡಬ್ಬಗಳಿಗೆಲ್ಲ ಸೀಮೆಸುಣ್ಣದಲ್ಲಿ ನಂಬರ್ ಬರೆದ.
"ಬಣ್ಣ ನಿನ್ ಕಣ್ಣಿಗೆ ಬೇಡ್ವಂತೆ. ಜಾಗ ನೆನಪಿಟ್ಕೋ.
ಹದಿನೇಳು ಅಂದ್ರೆ ಹದಿನೇಳು."

ಈಗ ನನ್ನ ಕೆಲಸ ಕತ್ತಲೆ ಕೋಣೆಯಲ್ಲಿ.
ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿಗೆ ಕಪ್ಪು ರಟ್ಟು,
ಕೆಳಗೆ ಇರ್ವಿನ್ ರಸ್ತೆಯ ಬಸ್ಸುಗಳ ಗೊಣಗು.
ಗಾಜಿನ ಮೇಲೆ ಯಾರದೋ ಗಂಟಿನ ಒಂದು ಪದರ,
ಈರುಳ್ಳಿ ಸಿಪ್ಪೆಗಿಂತ ತೆಳು.
ಹೆಸರಿಲ್ಲ; ೨೧೧೮.
ಇನ್ನೊಂದು ಚೂರು ಕೊಡಿ ಅನ್ನುವಂತಿಲ್ಲ,
ಸೂಜಿಗೆ ಸಿಕ್ಕಿದ್ದೇ ಇಷ್ಟು.
ಕೇಳಬೇಕಾದ ಪ್ರಶ್ನೆ ನಾಲ್ಕು.

ಹಾಗಾಗಿ ನಾಲ್ವರನ್ನೂ ಒಟ್ಟಿಗೇ ಕಳಿಸುತ್ತೇವೆ.
ಒಂದೊಂದು ಆಂಟಿಬಾಡಿಗೂ ಗೊತ್ತಿರುವುದು ಒಂದೇ ಮನೆ;
ಹುಡುಕಿ ಹೋಗಿ, ಬಾಲಕ್ಕೆ ಕಟ್ಟಿದ ಬಣ್ಣದ ಸಮೇತ
ಜಗಲಿಯಲ್ಲಿ ಕೂತುಬಿಡುತ್ತದೆ.
ದಾರಿಯಲ್ಲೇ ಕಾಲಾಡಿಸುತ್ತ ಉಳಿದವನ್ನು
ಮೂರು ಸಲ, ಐದೈದು ನಿಮಿಷ, ತೊಳೆದು ಸಿಂಕಿಗೆ ಬಿಡುತ್ತೇನೆ.

ಅಂಗಡಿಯಲ್ಲಿ ಅನುಮಾನ ಬಂದರೆ
"ಬಿಸ್ಲಿಗೆ ಹಿಡ್ದು ನೋಡಿ ತಾಯಿ" ಅನ್ನುತ್ತಿದ್ದ ಅಪ್ಪ.
ಇಲ್ಲಿ ಬಿಸಿಲೇ ವೈರಿ.
ಬಹಳ ಹೊತ್ತು ನೋಡಿದರೆ
ನೋಡಿದ್ದರಿಂದಲೇ ಆರಿಹೋಗುತ್ತದೆ ಬೆಳಕು.
ನೋಡಬೇಕು. ಕಣ್ತುಂಬ ನೋಡಬಾರದು.

ಕೆಲಸಕ್ಕೆ ಸೇರಿ ಆರು ತಿಂಗಳಾದರೂ
ನನ್ನ ಕಣ್ಣಿನ ಸಂಗತಿ ಯಾರಿಗೂ ಹೇಳಿರಲಿಲ್ಲ.
ಆಮೇಲೆ ತಿಳಿಯಿತು, ಕ್ಯಾಮೆರಾಕ್ಕೂ ನನ್ನದೇ ಕಾಯಿಲೆ!
ಅದಕ್ಕೆ ಕಾಣುವುದು ಬೂದು, ಎಷ್ಟು ಬೂದು ಅನ್ನುವುದು.
ಒಂದನೇ ಫಿಲ್ಟರಿನಲ್ಲಿ ಬಂದದ್ದಕ್ಕೆ ನೀಲಿ ಅಂತ,
ಮೂರನೆಯದಕ್ಕೆ ಕೆಂಪು ಅಂತ
ಹೆಸರಿಟ್ಟವರು ನಾವು.
ಪಾಪ, ಅದೂ ಜಾಗ ನೆನಪಿಟ್ಟುಕೊಂಡು ಬದುಕುತ್ತಿದೆ.
ಅವತ್ತು ಕ್ಯಾಂಟೀನಿಗೆ ಒಬ್ಬನೇ ಹೋಗಿ
ಎರಡು ಮದ್ದೂರು ವಡೆ ತಿಂದೆ.

ಸೋಮವಾರ ೨೧೧೮ ತೆರೆಯ ಮೇಲೆ ಬಂದಾಗ
ಡಾಕ್ಟರ್ ಇಂದುಕಲಾ ಮುಂದಕ್ಕೆ ಬಾಗಿದರು.
"ನೋಡ್ರೀ ಹಳದಿ! ಕೆಂಪೂ ಹಸಿರೂ ಒಂದೇ ಕಣದಲ್ಲಿ.
ಎರಡೂ ಇದೆ, ಬರ್ಕೊಳ್ಳಿ."
ನನಗೆ ಕೆಂಪೂ ಹಸಿರೂ ಅವರ ಹಳದಿಯೂ
ಒಂದೇ ಕೆರೆಯ ಕೆಸರು.
ಬಣ್ಣ ಕಿತ್ತು, ಎರಡು ಬೂದುಚಿತ್ರ ಪಕ್ಕಪಕ್ಕ ಇಟ್ಟೆ.
ಒಂದೇ ಆಕಾರ, ಒಂದೇ ಅಂಚು;
ಎರಡನೆಯದು ಹೆಚ್ಚೂಕಡಿಮೆ ಎಲ್ಲೆಡೆಯೂ
ಮೊದಲನೆಯದರ ಎಂಟನೇ ಒಂದು ಪಾಲು.
ಅವಳಿ ಮಕ್ಕಳೂ ಇಷ್ಟು ಹೋಲುವುದಿಲ್ಲ.

"ಮೇಡಂ, ಇದು ಬಣ್ಣ ಬಿಟ್ಟಿರೋದು" ಅಂದೆ.
ಬಾಯಿಗೆ ಬಂದದ್ದು ಅಂಗಡಿಯ ಮಾತು.
ಹೊಸ ಸೀರೆ ಮೊದಲ ಒಗೆತದಲ್ಲಿ
ಬಿಳಿ ರವಿಕೆಗೆ ಹತ್ತಿಸುವಂತೆ
ಹಸಿರಿನ ಬೆಳಕು ಕೆಂಪಿನ ಕಿಟಕಿಗೆ ಸೋರಿತ್ತು.
ಅವರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು.

ಒಂದೊಂದೇ ಬಣ್ಣ ಹಚ್ಚಿದ ಸ್ಲೈಡುಗಳನ್ನು ಓದಿಸಿ
ಎಷ್ಟು ಸೋರುತ್ತದೆಂದು ಅಳೆದು, ಅಷ್ಟನ್ನು ಕಳೆದೆ.
ರಾತ್ರಿ ಹತ್ತು ದಾಟಿತ್ತು.
ಹಳದಿ ಅಂದದ್ದೆಲ್ಲ ಹೋಯಿತು.
ಕೆಳಗಿನ ಮೂಲೆಯಲ್ಲಿ, ಆವರೆಗೆ ಯಾರೂ ಬೆರಳಿಟ್ಟಿರದ ಕಡೆ,
ಹನ್ನೊಂದು ಕಣ ಉಳಿದವು.
ಎರಡೂ ನಿಜವಾಗಿ ಇದ್ದಂಥವು.

ವರದಿ ಒಂದು ದಿನ ತಡ.
ಕಾರಿಡಾರಿನ ಬೆಂಚಿನ ಮೇಲೆ ಹೆಂಗಸೊಬ್ಬಳು
ಚಪ್ಪಲಿ ತಲೆದಿಂಬಾಗಿಸಿ ಮಲಗಿದ್ದಳು.
೨೧೧೮ ಅವಳೋ, ಅವಳ ತಂಗಿಯೋ, ಯಾರೂ ಅಲ್ಲವೋ.
ನಾನು ಕೇಳುವಂತಿಲ್ಲ.
ಒಳ್ಳೆಯ ಸುದ್ದಿಯೋ ಕೆಟ್ಟದ್ದೋ, ಅದೂ ನನ್ನ ಡಬ್ಬ ಅಲ್ಲ.

ಮನೆಗೆ ಬಂದಾಗ ಅಪ್ಪ ಎಚ್ಚರವಿದ್ದ.
"ಯಾವ್ ಬಣ್ಣ ಬಂತೋ?"
"ಗೊತ್ತಿಲ್ಲ."
"ಮತ್ತೆ?"
"ಇತ್ತು. ಹನ್ನೊಂದು ಕಡೆ."
"ಹೂಂ" ಅಂದು
ಮಗ್ಗುಲು ಬದಲಿಸಿದ.